ಸೊನ್ನೆ ಬಿಟ್ಟು ಏಳದ ಮುಳ್ಳು

‘ನನಗೆ ಗೊತ್ತಿಲ್ಲ’ ಎನ್ನಲು ಬಾರದವನ ಮನೆಗೆ ಅವಮಾನಗಳು ವಿಳಾಸ ಕೇಳಿಕೊಂಡು ಬರುತ್ತವೆ. ನನಗೆ ಸಾಮಾನ್ಯವಾಗಿ ತಿಂಗಳಿಗೊಂದು ಬರುತ್ತದೆ. ಹೋದ ವರ್ಷ ಮನೆಯ ವ್ಯಾನಿನ ಸ್ಪೀಡೋಮೀಟರ್ ಕೆಟ್ಟಾಗ ಮಾತ್ರ ಹದಿನೈದೇ ದಿನದಲ್ಲಿ ಇಡೀ ವರ್ಷದ್ದು ಬಂದುಬಿಟ್ಟಿತು.

ನಾನು ಕಡೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವೇಗ, ದೂರ, ಕಾಲ ಎಂದು ಬೋರ್ಡಿನ ಮೇಲೆ ಬರೆದೂ ಬರೆದೂ ಬೆರಳು ಸವೆಸಿಕೊಂಡವನು. ಹಾಗಾಗಿ ಮುಳ್ಳು ಸೊನ್ನೆ ಬಿಟ್ಟು ಏಳದೆ ಹೋದಾಗ, “ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ? ನಾನಿಲ್ವಾ?” ಎಂದುಬಿಟ್ಟೆ.

ವ್ಯಾನು ತೀರಿಕೊಂಡ ನಮ್ಮಪ್ಪ ಕೊಂಡಿದ್ದು. ಅದಕ್ಕೆ ಹದಿನೈದು ವರ್ಷ ತುಂಬಿದ್ದರಿಂದ ತರೀಕೆರೆಯ ಆರ್‌ಟಿಒ ಆಫೀಸಿಗೆ ಒಯ್ದು ತೋರಿಸಿ ಮತ್ತೆ ಪಾಸ್ ಮಾಡಿಸಬೇಕಿತ್ತು. ಮುಳ್ಳು ಆಡದಿದ್ದರೆ ಪಾಸಿಲ್ಲ, ಪಾಸಾಗದಿದ್ದರೆ ಗುಜರಿ. ಅಮ್ಮ ಮೊದಲೇ ಹೇಳಿದ್ದಳು: “ನಿಮ್ಮಪ್ಪನ ಗಾಡಿ ಗುಜರಿಗೆ ಹೋದ್ರೆ ನಿನ್ ಜೊತೆ ಮಾತು ಬಿಡ್ತೀನಿ ಕಣೋ.”

ಕಲ್ಲಿನ ಲೆಕ್ಕ

ಮೊದಲು ನಾನು ಮಾಡಿದ್ದು ಮೀಟರಿಲ್ಲದೆ ವೇಗ ಕಂಡುಹಿಡಿಯುವ ಪ್ರಯೋಗ. ಕಡೂರು ದಾಟಿ ಬೀರೂರಿನ ಕಡೆ ಹೊರಟೆವು. ಪಕ್ಕದಲ್ಲಿ ಮೊಬೈಲು ಹಿಡಿದು ಹೆಂಡತಿ. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ಹೇಳುವುದು ಅವಳ ಕೆಲಸ.

“ಮಧ್ಯ ಸಣ್ಣ ಸಣ್ಣ ಕಲ್ಲು ಬತ್ತಾವಲ್ರೀ, ಅವೂ ಲೆಕ್ಕಾನಾ?”

“ಕಲ್ಲು ಅಂದ್ಮೇಲೆ ಕಲ್ಲು ಕಣೇ. ಸುಮ್ನೆ ಟೈಮ್ ಹೇಳು.”

“ಇಪ್ಪತ್ತಾರು ಸೆಕೆಂಡು.”

ಬಾಯಿಲೆಕ್ಕ ಹಾಕಿದೆ. ಗಂಟೆಗೆ ನೂರಾ ಮೂವತ್ತೆಂಟು ಕಿಲೋಮೀಟರ್! “ನೋಡಿದ್ಯಾ ನಮ್ಮಪ್ಪನ ಗಾಡಿ?” ಎಂದು ಬೀಗಿ, ಹೆದರಿಕೆಯಾಗಿ ಕಾಲು ಸ್ವಲ್ಪ ಸಡಿಲಿಸಿದೆ. ಆಗ ತೆಂಗಿನಕಾಯಿ ತುಂಬಿದ ಲಗೇಜ್ ಆಟೋ ಒಂದು ಆರಾಮಾಗಿ ನಮ್ಮನ್ನು ಹಿಂದೆ ಹಾಕಿತು. ಡ್ರೈವರ್ ತಲೆ ಹೊರಗೆ ಹಾಕಿ ಕೇಳಿದ: “ಸಾರ್, ಗಾಡಿ ಕೆಟ್ಟೋಯ್ತಾ? ತಳ್ಬೇಕಾ?”

ಸಣ್ಣ ಕಲ್ಲುಗಳು ಇನ್ನೂರು ಮೀಟರಿಗೊಂದು ಇರುತ್ತವೆ ಎಂಬುದು ನನಗೆ ಹೊಳೆದದ್ದು ಬೀರೂರಿನಲ್ಲಿ ಕಾಫಿ ಕುಡಿಯುವಾಗ. ಹೆಂಡತಿಗೆ ಹೇಳಲಿಲ್ಲ. ಅವಳಿಗೆ ಆಗಲೇ ಗೊತ್ತಿತ್ತು.

ಮಾವನ ತೋಳು

ಆ ಭಾನುವಾರ ಅಜ್ಜಂಪುರದ ಮಾವನ ಮನೆಗೆ ಹೋದೆವು. ಮಾವ ಈರುಳ್ಳಿ ವ್ಯಾಪಾರಿ. ಬಿಳಿ ಅಂಗಿ, ಹಣೆತುಂಬ ವಿಭೂತಿ, ಬೀದಿಯಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಮನುಷ್ಯ. ಅಂಥವರನ್ನು ಅವರದೇ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದೆ. ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಅವರು ಕೈಯಲ್ಲಿ ತಿರುಗಿಸುವುದು, ನಾನು ಒಳಗೆ ಕೂತು ಮುಳ್ಳು ನೋಡುವುದು. ನನ್ನ ಹಳೇ ಸ್ಕೂಟರಿನ ಮೀಟರ್ ಕೇಬಲ್ಲು ಮುಂದಿನ ಚಕ್ರದಿಂದಲೇ ಬರುತ್ತಿತ್ತು. ಎಲ್ಲ ಗಾಡಿಯೂ ಹಾಗೇ ಎಂದುಕೊಂಡಿದ್ದೆ.

“ಎಷ್ಟಕ್ಕೆ ಬಂತು ಅಳಿಯಂದ್ರೇ?”

“ಸೊನ್ನೆ ಮಾವ. ಸ್ವಲ್ಪ ಜೋರಾಗಿ.”

ಅರ್ಧ ಗಂಟೆ ಆಯಿತು. ಮಾವನ ವಿಭೂತಿ ಬೆವರಲ್ಲಿ ಇಳಿದು ಮೀಸೆಗೆ ಬಂದಿತ್ತು. ಬೀದಿಯವರೆಲ್ಲ ಸೇರಿದ್ದರು. ಕೊನೆಗೆ ಆ ಕಡೆ ಬಂದ ಟ್ರ್ಯಾಕ್ಟರ್ ಡ್ರೈವರೊಬ್ಬ ಗಾಡಿ ನಿಲ್ಲಿಸಿ, “ಯಜಮಾನ್ರೇ, ಇದ್ರ ಮೀಟರ್ ಕೇಬಲ್ಲು ಗೇರ್‌ಬಾಕ್ಸಿಂದ ಬರೋದು ಕಣ್ರೀ. ಮುಂದಿನ ಚಕ್ರ ನೀವು ಯುಗಾದಿ ತನಕ ತಿರುಗ್ಸಿದ್ರೂ ಮುಳ್ಳು ಏಳಲ್ಲ” ಎಂದ.

ಮಾವ ಎದ್ದು ಕೈ ಒರೆಸಿಕೊಂಡರು. “ಬನ್ನಿ, ಊಟಕ್ಕೆ ಹೊತ್ತಾಯ್ತು” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ನನಗೆ ತಲೆ ಎತ್ತಲಾಗಲಿಲ್ಲ. ಊಟಕ್ಕೆ ಕೂತಾಗ ಅವರ ಬಲಗೈ ಬಾಯಿ ತನಕ ಏಳದೆ ತುತ್ತು ತಟ್ಟೆಗೇ ಬಿತ್ತು. ಅತ್ತೆ ಗಾಬರಿಯಾಗಿ “ಏನಾಯ್ತು?” ಎಂದರು. ಮಾವ ತಣ್ಣಗೆ ಹೇಳಿದರು: “ಏನಿಲ್ಲ ಬಿಡು, ಅಳಿಯಂದ್ರು ವಿಜ್ಞಾನ ಹೇಳ್ಕೊಟ್ರು.”

ಯಾವನೋ ಬಿಚ್ಚಿದ್ದು

ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನ ಗ್ಯಾರೇಜಿದೆ. ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದೆ. ಮೂರು ತಾಲ್ಲೂಕಿನ ಗಾಡಿಗಳು ಅವನ ಹತ್ತಿರ ಬರುತ್ತವೆ. ಆದರೂ ನನ್ನನ್ನು ಕಂಡರೆ ಇವತ್ತಿಗೂ ಕೈಕಟ್ಟಿ ನಿಲ್ಲುತ್ತಾನೆ. ಅದೇ ಕಷ್ಟವಾಯಿತು. ನಾನು “ಗೇರ್‌ಬಾಕ್ಸಿನ ಹತ್ತಿರ ಕೇಬಲ್ ತಿರುಗಿಸೋ ಹಲ್ಲುಚಕ್ರ ಸವೆದಿದೆ ಕಣೋ” ಎಂದೆ. ಅವನು “ಹೂಂ ಸಾರ್” ಎಂದು ಗಾಡಿಯ ಅಡಿಗೆ ಹೋಗಿ ಹೊಸ ಹಲ್ಲುಚಕ್ರ ಹಾಕಿದ. ಮುಳ್ಳು ಏಳಲಿಲ್ಲ. “ಗ್ರೀಸ್ ಸಾಲದು” ಎಂದೆ. ಮತ್ತೆ “ಹೂಂ ಸಾರ್”, ಮತ್ತೆ ಅಡಿಗೆ ಹೋದ. ಆಗಲೂ ಏಳಲಿಲ್ಲ.

“ತಪ್ಪು ತಿಳ್ಕೋಬೇಡಿ ಸಾರ್, ಮೀಟರ್ ಹಿಂದುಗಡೆ ಒಂದ್ಸಲ ಕೈ ಹಾಕ್ಲಾ?”

“ಹಾಕು. ಅಲ್ಲೇನೂ ಇರಲ್ಲ.”

ಎರಡೇ ನಿಮಿಷ. “ಕೇಬಲ್ ತುದೀನೇ ಸಿಗ್ಸಿಲ್ಲ ಸಾರ್! ಯಾವನೋ ಬಿಚ್ಚಿ ಹಂಗೇ ಬಿಟ್ಟವ್ನೆ. ಕೆಲ್ಸ ಬರ್ದಿರೋರು ಯಾಕಾದ್ರೂ ಕೈ ಹಾಕ್ತಾರೋ! ಯಾರ್ ಸಾರ್ ಅದು?”

ಮುಳ್ಳು ನಿಲ್ಲುವ ಹಿಂದಿನ ದಿನ ಮೀಟರಿನ ಬಲ್ಬು ಬದಲಾಯಿಸಿದವನು ನಾನೇ. ಆದರೆ ಕೈಕಟ್ಟಿ ನಿಂತ ಶಿಷ್ಯನ ಮುಂದೆ ಬಾಯಿ ಬರಲಿಲ್ಲ. “ಯಾರೋಪ್ಪ... ಶಿವಮೊಗ್ಗದ ಕಡೆಯೋನು” ಎಂದೆ. ಆ ಸುಳ್ಳಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

“ಅವ್ನ ಕೈಗೆ ಇನ್ಮೇಲೆ ಗಾಡಿ ಕೊಡ್ಬೇಡಿ ಸಾರ್” ಎನ್ನುತ್ತಾ ಅವನು ಕೇಬಲ್ ತುದಿ ಸಿಗಿಸಿದ.

ಹಿಂದಿನ ಸೀಟಿನಿಂದ ಹೆಂಡತಿ ಹೇಳಿದಳು: “ನಾನೂ ಅದನ್ನೇ ಬಡ್ಕೊತಾ ಇದೀನಪ್ಪ.”

ಮರಳಿನ ಗುಡ್ಡೆ

ಪಾಸ್ ಮಾಡಿಸುವ ದಿನ ಅಮ್ಮನೂ ಬಂದಳು. “ಇಳಿ ಅಮ್ಮ” ಎಂದರೆ ಇಳಿಯಲಿಲ್ಲ. “ನನ್ ಗಂಡನ ಗಾಡಿ, ನಾನಿಲ್ಲೇ ಕೂತಿರ್ತೀನಿ” ಎಂದು ಹಿಂದಿನ ಸೀಟು ಹಿಡಿದಳು. ಸಹಾಯಕ್ಕೆ ಶಿಷ್ಯನೂ ಬಂದು ಹೊರಗೆ ನಿಂತಿದ್ದ. ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬ್ರೇಕು, ಲೈಟು, ಹಾರನ್ ಎಲ್ಲ ನೋಡಿ ನನ್ನ ಪಕ್ಕ ಕೂತು, “ಸ್ವಲ್ಪ ಓಡ್ಸಿ ಸಾರ್, ಮೀಟರ್ ನೋಡೋಣ” ಎಂದರು.

ಗಾಡಿ ಹೊರಟಿತು. ಮುಳ್ಳು ಎದ್ದಿತು! ಹದಿನೈದು ದಿನ ನನ್ನ ಮಾನ ಕಳೆದ ಮುಳ್ಳು ಸರಾಗವಾಗಿ ಮೇಲೇರುತ್ತಿದ್ದರೆ ನನಗೆ ಕಣ್ಣು ತೆಗೆಯಲಾಗಲಿಲ್ಲ. “ನೋಡಿ ಮೇಡಂ, ಹತ್ತು... ಹದಿನೈದು... ಇಪ್ಪತ್ತು...”

“ಸಾರ್, ಮುಂದೆ!” ಎಂದು ಅವರು ಕೂಗಿದರು.

ಬ್ರೇಕು ಒತ್ತುವಷ್ಟರಲ್ಲಿ ವ್ಯಾನು ಮೆತ್ತಗೆ ಹೋಗಿ ರಸ್ತೆ ಪಕ್ಕದ ಮರಳಿನ ಗುಡ್ಡೆಗೆ ಮೂತಿ ಇಟ್ಟಿತು. ಯಾರಿಗೂ ಏನೂ ಆಗಲಿಲ್ಲ, ಗಾಡಿಗೂ ಆಗಲಿಲ್ಲ. ಶಿಷ್ಯ ಓಡಿ ಬಂದ. ಆಫೀಸಿನ ಹೊರಗೆ ನಿಂತಿದ್ದ ಜನವೂ ಓಡಿ ಬಂದರು. ಇನ್ಸ್‌ಪೆಕ್ಟರು ಕೆಳಗಿಳಿದು ಬೂಟಿನ ಮರಳು ಕೊಡವಿಕೊಂಡು ಕಾಗದದಲ್ಲಿ ಗುರುತು ಹಾಕಿದರು.

“ಮೀಟರ್ ಸರಿ ಇದೆ, ಬ್ರೇಕೂ ಚೆನ್ನಾಗಿದೆ. ಗಾಡಿ ಪಾಸ್. ನಿಮ್ಮನ್ನ ಮಾತ್ರ ಫೇಲ್ ಮಾಡ್ಬೇಕು ಅನ್ಸುತ್ತೆ ಸಾರ್.”

ಗಾಡಿ ಉಳಿದ ಖುಷಿಗೆ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರನ್ನೇ ಸಮಾಧಾನ ಮಾಡಿದಳು: “ಮಾಡು ತಾಯೀ, ಸಂಕೋಚ ಪಡ್ಬೇಡ. ಅವ್ನಿಗೇನು ಹೊಸ್ದಲ್ಲ. ಎಸ್ಸೆಸ್ಸೆಲ್ಸೀಲೂ ಒಂದ್ಸಲ ಫೇಲಾಗಿದ್ದ.”

ಶಿಷ್ಯನ ಕಟ್ಟಿದ ಕೈ ಅಲ್ಲೇ ಬಿಚ್ಚಿಕೊಂಡಿತು. “ಹೌದಾ ಅಜ್ಜಿ! ಯಾವ ಸಬ್ಜೆಕ್ಟಲ್ಲಿ?”

“ಅದೇ ಕಣಪ್ಪ,” ಎಂದಳು ಅಮ್ಮ, “ನಿನಗೆ ಇವ್ನು ಹೇಳ್ಕೊಟ್ನಲ್ಲ, ಅದ್ರಲ್ಲೇ.”