ಒಂದೂ ಪ್ರಶ್ನಿ ಬಿಡಬ್ಯಾಡ

ಮಕ್ಕಳ ಅಂಕ ಇಳಿದರೆ ಅದನ್ನು ಮೇಲೆತ್ತುವುದು ಹೇಗೆ ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಬನಹಟ್ಟಿಯಲ್ಲಿ ಸೀರೆ ಅಂಗಡಿ ನಡೆಸುವವನು ನಾನು. ವ್ಯಾಪಾರ ಇಳಿದರೆ ಕಾರಣ ಯಾರು ಎಂದು ಹುಡುಕುತ್ತೇನೆ, ಸಿಕ್ಕವರಿಗೆ ಜೋರಾಗಿ ಬೈಯುತ್ತೇನೆ. ವ್ಯಾಪಾರ ಏಳುತ್ತದೆ. ಅಂಕಕ್ಕೂ ಇದೇ ಮದ್ದು ಎಂದು ದೃಢವಾಗಿ ನಂಬಿದ್ದೆ.

ಮಗಳು ಪಲ್ಲವಿ ಆಗ ಪಿಯುಸಿ ಎರಡನೇ ವರ್ಷ. ಡಾಕ್ಟರ್ ಆಗಬೇಕೆಂದು ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಜಮಖಂಡಿಯ ಒಂದು ಕೋಚಿಂಗ್ ಕ್ಲಾಸಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಲ್ಲಿ ಪ್ರತಿ ಭಾನುವಾರ ಒಂದು ಅಭ್ಯಾಸ ಪರೀಕ್ಷೆ. ಸಂಜೆ ಅಂಕ ನನ್ನ ಮೊಬೈಲಿಗೆ ಬರುತ್ತಿತ್ತು. ಏಳುನೂರ ಇಪ್ಪತ್ತಕ್ಕೆ ಐನೂರು ದಾಟಿರುತ್ತಿತ್ತು. ಗಿರಾಕಿಗಳಿಗೆ ನಾನು ಸೀರೆಯ ಸೆರಗು ತೋರಿಸುವ ಮೊದಲು ಮಗಳ ಅಂಕ ತೋರಿಸುತ್ತಿದ್ದೆ.

ಒಂದು ಭಾನುವಾರ ನಾನೂರ ಎಂಬತ್ತು ಬಂತು. ನಾನು ತಟ್ಟೆ ಬಿಟ್ಟು ಎದ್ದೆ.

"ಎಲ್ಲೈತಿ ನಿನ್ನ ಮೊಬೈಲು? ತಾ ಇಲ್ಲಿ."

"ಅಪ್ಪಾ, ಅದರಾಗ ನನ್ನ ನೋಟ್ಸ್ ಬರ್ತಾವ್ರಿ. ಸರ್ ಅದರಾಗ ಕಳಸ್ತಾರ," ಎಂದಳು ಪಲ್ಲವಿ.

"ನಾವೇನ ಮೊಬೈಲ್ ನೋಡಿ ಓದೀವೇನ?"

"ನೀವು ಎಲ್ಲಿ ಓದೀರಿ?" ಎಂದು ನನ್ನ ಹೆಂಡತಿ ಶಾಂತಾ ಒಳಗಿನಿಂದ ಕೇಳಿದಳು. ಈ ಪ್ರಶ್ನೆಗೆ ಉತ್ತರಿಸುವುದು ಅಗತ್ಯವೆಂದು ನನಗೆ ಕಾಣಲಿಲ್ಲ. ಮೊಬೈಲನ್ನು ಅಂಗಡಿಗೆ ಒಯ್ದು ದುಡ್ಡಿನ ಗಲ್ಲೆಯೊಳಗಿಟ್ಟು ಬೀಗ ಹಾಕಿದೆ. ವಾರವೆಲ್ಲ ಅದು ಒಳಗೇ ಟಿಣ್ ಟಿಣ್ ಎನ್ನುತ್ತಿತ್ತು. ಪಾಠಗಳು ಒಂದೊಂದಾಗಿ ಬಂದು ಗಲ್ಲೆಯಲ್ಲಿ ಬೀಳುತ್ತಿದ್ದವು.

ಮುಂದಿನ ಭಾನುವಾರ ಅಂಕ ಇನ್ನಷ್ಟು ಇಳಿಯಿತು. ನನ್ನ ಸಿಟ್ಟು ಅಷ್ಟೇ ಏರಿತು. ಈ ಸಲ ತಪ್ಪು ಬಸ್ಸಿನದು ಎಂದು ಪತ್ತೆ ಹಚ್ಚಿದೆ. ಬಸ್ಸಿನಲ್ಲಿ ಗೆಳತಿಯ ಪಕ್ಕ ಕುಳಿತರೆ ಹರಟೆ, ಹರಟೆ ಹೊಡೆದರೆ ತಲೆ ಖಾಲಿ. ಅಂದಿನಿಂದ ನಾನೇ ಬೈಕಿನಲ್ಲಿ ಬಿಡುವುದೆಂದು ಘೋಷಿಸಿದೆ. ಬನಹಟ್ಟಿಯಿಂದ ಜಮಖಂಡಿಯವರೆಗೆ ಓದಿನ ಮಹತ್ವದ ಬಗ್ಗೆ ಉಪನ್ಯಾಸ. ಗಾಳಿಗೆ ಕೇಳಿಸಲಿಕ್ಕಿಲ್ಲವೆಂದು ಆಗಾಗ ಹಿಂದೆ ತಿರುಗಿ ಬೈಯುತ್ತಿದ್ದೆ. ಪರೀಕ್ಷೆಯ ದಿನ ಹಾಗೆ ತಿರುಗಿದಾಗಲೇ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಬ್ರೇಕ್ ಹಿಡಿದೆ. ಬೈಕು ಬೇಲಿಯೊಳಗೆ ನುಗ್ಗಿತು. ಇಬ್ಬರಿಗೂ ಏನೂ ಆಗಲಿಲ್ಲ. ಮಗಳು ಮಾತ್ರ ಓಢಣಿಗೆ ಹತ್ತಿದ ಮುಳ್ಳು ಕೀಳುತ್ತ ಪರೀಕ್ಷೆಗೆ ಕುಳಿತಳಂತೆ. ಅಂಕ ಮತ್ತೆ ಇಳಿಯಿತು. ಬೇಲಿಯ ಮುಳ್ಳಿಗೂ ಅಂಕಕ್ಕೂ ಸಂಬಂಧವಿಲ್ಲವೆಂದು ನಾನು ತೀರ್ಪು ಕೊಟ್ಟೆ.

ಆ ರಾತ್ರಿ ಅವಳ ಪ್ರಶ್ನೆಪತ್ರಿಕೆ ಕಸಿದುಕೊಂಡು ನೋಡಿದೆ. ಎಷ್ಟೋ ಪ್ರಶ್ನೆಗಳ ಮುಂದೆ ಗುರುತೇ ಇಲ್ಲ. ನನ್ನ ನೆತ್ತಿ ಕಾದುಹೋಯಿತು.

"ಇವನ್ಯಾಕ ಖಾಲಿ ಬಿಟ್ಟಿ?"

"ಗೊತ್ತಿಲ್ಲದ್ದು ಬಿಡಬೇಕ್ರಿ. ತಪ್ಪಾದ್ರ ಒಂದ ಮಾರ್ಕ್ ಕಟ್ ಮಾಡ್ತಾರ."

"ಸರಿ ಆದ್ರ?"

"ನಾಕ ಕೊಡ್ತಾರ."

"ನಾಕ ಬರೂ ಕಡೆ ಒಂದ ಹೋದ್ರ ಏನ ಗಂಟ ಹೋತು? ವ್ಯಾಪಾರ ಅಂದ್ರನ ಹಂಗ."

"ಇದು ವ್ಯಾಪಾರ ಅಲ್ರಿ ಅಪ್ಪಾ. ಎಲ್ಲಾ ಬರೀಬೇಕಂದ್ರ ಟೈಮ್..."

"ನನಗ ಎದುರುತ್ತರ ಕೊಡಬ್ಯಾಡ. ಒಂದೂ ಪ್ರಶ್ನಿ ಬಿಡಬ್ಯಾಡ. ಬಿಟ್ಟೀ ಅಂದ್ರ ನೋಡು."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಆತ್ರಿ. ಒಂದೂ ಬಿಡೂದಿಲ್ಲ," ಎಂದು ಎದ್ದು ಹೋದಳು.

ಶಾಂತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಕಿ ಅಷ್ಟ ಸುಮ್ಮನ ಆತ್ರಿ ಅಂದದ್ದು ನನಗ ಛಲೋ ಕಾಣವಲ್ದು."

ಮುಂದಿನ ಭಾನುವಾರ ಬಂದದ್ದು ಮುನ್ನೂರ ನಲವತ್ತು. ಜೊತೆಗೆ ಇನ್ನೊಂದು ಸುದ್ದಿ: ಪಲ್ಲವಿಯನ್ನು ಮೊದಲನೇ ಬ್ಯಾಚಿನಿಂದ ಎರಡನೆಯದಕ್ಕೆ ಇಳಿಸಲಾಗಿದೆ.

ಮರುದಿನ ಅಂಗಡಿಯ ಬಾಗಿಲನ್ನೇ ತೆರೆಯದೆ ಜಮಖಂಡಿಗೆ ಹೋದೆ. ಕ್ಲಾಸಿನ ಹೊರಗೆ ಬೇರೆ ಮಕ್ಕಳ ತಂದೆ ತಾಯಂದಿರು ಕುಳಿತಿದ್ದರು. ಇಷ್ಟು ಜನ ಸಿಕ್ಕಮೇಲೆ ಸುಮ್ಮನಿರುವುದು ಹೇಗೆ? ಅಲ್ಲಿಯೇ ಭಾಷಣ ಶುರುಮಾಡಿದೆ. ಕಲಿಸುವವರ ನಿಷ್ಕಾಳಜಿ, ಸಮಾಜದ ಅಧಃಪತನ, ಪಾಲಕರ ಸಹನೆಯ ಮಿತಿ, ಎಲ್ಲ ಬಂದವು. ಇಬ್ಬರು ತಲೆಯಾಡಿಸಿದರು. ನನಗೆ ಇನ್ನೂ ಹುರುಪು ಬಂತು. ಆಗ ಕ್ಲಾಸು ನಡೆಸುವ ಜೋಶಿ ಸರ್ ಹೊರಗೆ ಬಂದರು. ಸಣಕಲು ಮನುಷ್ಯ, ಮೆಲುದನಿ. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಪಲ್ಲವಿಯನ್ನು ಕರೆಸಿ, ಅವಳ ಉತ್ತರ ಹಾಳೆ ತರಿಸಿದರು.

"ನೋಡ್ರಿ ಯಜಮಾನ್ರ, ಇಷ್ಟ ದಿನಾ ಈಕಿ ಬರಲಾರದ್ದು ಬಿಡ್ತಿದ್ಲು. ಈ ಸಲ ಒಂದೂ ಬಿಟ್ಟಿಲ್ಲ. ಎಲ್ಲಾ ಮುಗಸಬೇಕಂತ ಓಡಿ, ಬರೂ ಲೆಕ್ಕಾನೂ ತಪ್ಪ ಮಾಡ್ಯಾಳ. ಪಲ್ಲವಿ, ಹಿಂಗ ಮಾಡಂತ ಯಾರ ಹೇಳಿದ್ರವಾ?"

"ಅಪ್ಪಾರು ಹೇಳ್ಯಾರ್ರಿ," ಎಂದಳು ನನ್ನ ಮಗಳು. ಸ್ಪಷ್ಟವಾಗಿ, ಎಲ್ಲರಿಗೂ ಕೇಳಿಸುವಂತೆ.

ಜಾಣನಾದವನು ಅಲ್ಲಿಗೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ. ನಾನು ಹೇಳಿದೆ: "ಹೂಂ, ಹೇಳೀನಿ. ಅದರಾಗ ತಪ್ಪೇನೈತಿ? ಬೇಕಾರ ನಾನ ಮಾಡಿ ತೋರಸ್ತೀನಿ. ತರ್ರಿ ಪೇಪರು."

ಸರ್ ನಿಜಕ್ಕೂ ತಂದರು. ಜೀವಶಾಸ್ತ್ರದ ಇಪ್ಪತ್ತು ಪ್ರಶ್ನೆ, ಕನ್ನಡದಲ್ಲೇ ಇದ್ದವು. ಬೆಂಚಿನಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು ಕುಳಿತೆ. ಒಂದೂ ಬಿಡಲಿಲ್ಲ, ನುಡಿದಂತೆ ನಡೆದೆ. ಮೂರು ಸರಿ, ಹದಿನೇಳು ತಪ್ಪು. ನನ್ನ ಎದೆಯಲ್ಲೇ ಡವಡವ ಎನ್ನುತ್ತಿದ್ದ ಹೃದಯದ ಬಗ್ಗೆಯೂ ತಪ್ಪು ಬರೆದಿದ್ದೆ. ಸರ್ ಕೆಂಪು ಪೆನ್ನಿನಲ್ಲಿ ಐದು ಎಂದು ಬರೆದು ಹಾಳೆ ಕೊಟ್ಟರು.

"ಐದ ಆದ್ರೂ ಬಂದಾವಲ್ಲ. ಮುಂದೊಂದು ಗೀಟು ಯಾಕ ಹಾಕೀರಿ?"

"ಅದು ಗೀಟಲ್ರಿ," ಎಂದರು ಸರ್ ಮೃದುವಾಗಿ. "ಮೈನಸ್."

ಮುಧೋಳದ ಕಡೆಯ ರುಮಾಲಿನ ಹಿರಿಯರೊಬ್ಬರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಏನೂ ಬರೀದ ಮಲಕೊಂಡಿದ್ರ ಸೊನ್ನಿ ಆದ್ರೂ ಬರ್ತಿತ್ತಲ್ರಿ," ಎಂದು ಮರುಗಿದರು. ತಲೆಯಾಡಿಸಿದ್ದ ಆ ಇಬ್ಬರು ಈಗ ಗೋಡೆಯತ್ತ ಮುಖ ಮಾಡಿ ನಗುತ್ತಿದ್ದರು.

ಮಗಳನ್ನು ಬೈಕಿಗೆ ಹತ್ತಿಸಿಕೊಂಡು ಮನೆಗೆ ಹೊರಟಾಗ ನಾನು ಹಿಂದೆ ತಿರುಗಲಿಲ್ಲ. ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ಬೈಕು ನಿಲ್ಲಿಸಿದೆ. ಸಿಟ್ಟು ಇನ್ನೂ ಇತ್ತು. ಯಾರ ಮೇಲೆ ಹಾಕುವುದೆಂದು ಮಾತ್ರ ತಿಳಿಯುತ್ತಿರಲಿಲ್ಲ.

"ಅಷ್ಟ ಜನರ ಮುಂದ ನನ್ನ ಮರ್ಯಾದಿ ತಗದಿ. ಮೊದಲ ತಿಳಿಸಿ ಹೇಳಬಾರ್ದಾಗಿತ್ತ?"

"ಹೇಳಿದ್ನಲ್ರಿ. ನೀವು ಕೇಳಾಕತ್ತಿರಲಿಲ್ಲ, ಬೈಯಾಕತ್ತಿದ್ರಿ." ಅವಳು ಚಹಾದ ಲೋಟ ಬೆಂಚಿನ ಮೇಲಿಟ್ಟಳು. "ನಾನೂ ನಿಮ್ಮ ಮಗಳ ಅದೀನ್ರಿ. ನನಗೂ ಸಿಟ್ಟು ಬರ್ತೈತಿ. ಮೊದಲನೇ ಸಲ ಮಾರ್ಕ್ಸ್ ಯಾಕ ಇಳದ್ವು ಅಂತ ಒಮ್ಮೆರ ಕೇಳಿದ್ರೇನು?"

"ಯಾಕ ಇಳದ್ವು?"

"ಅವತ್ತ ಪೇಪರ್ ಕಠಿಣ ಇತ್ರಿ. ಎಲ್ಲಾರ್ದೂ ಇಳದಿತ್ತು. ಇಡೀ ಕ್ಲಾಸಿನ್ಯಾಗ ನಾನ ಮೂರನೇದಾಕಿ ಇದ್ದೆ. ಖುಷಿಲೆ ಹೇಳಾಕ ಬಂದಿದ್ದೆ. ನೀವು ತಟ್ಟಿ ಬಿಟ್ಟು ಎದ್ರಿ."

ಅವಳು ಓಢಣಿಯಿಂದ ಕಣ್ಣೊರೆಸಿಕೊಂಡಳು. ಚಹಾ ಕೆನೆಗಟ್ಟಿ ತಣ್ಣಗಾಯಿತು.

ಎಲ್ಲ ಕೇಳಿದ ಮೇಲೆ ಶಾಂತಾ ಹೊಸ ಕಾನೂನು ಜಾರಿಗೆ ತಂದಳು. ಮೊಬೈಲು ಮಗಳಿಗೆ. ಬಸ್ಸು, ಗೆಳತಿ, ಹರಟೆ, ಎಲ್ಲ ಮೊದಲಿನಂತೆ. ಭಾನುವಾರ ಮಾತ್ರ, ಅಂಕ ಬಂದು ಒಂದು ಹೊತ್ತು ಕಳೆಯುವವರೆಗೆ ನಾನು ಮನೆಯಲ್ಲಿರಬಾರದು.

"ನಾ ಎಲ್ಲಿ ಹೋಗ್ಲೆ?"

"ಚಿಕ್ಕಪಡಸಲಗಿ ಬ್ಯಾರೇಜಿಗೆ ಹೋಗಿ ಕುಂದರ್ರಿ. ಸಿಟ್ಟು ಬಂದ್ರ ಹೊಳಿಗೆ ಬೈರಿ. ಅದಕ್ಕೇನ್ ಪರೀಕ್ಷಾ ಇಲ್ಲ."

ಹೋದೆ. ಪ್ರತಿ ಭಾನುವಾರ ಶೇಂಗಾ ಪೊಟ್ಟಣ ಹಿಡಿದು ಕೃಷ್ಣೆಯ ಮುಂದೆ ಕುಳಿತೆ. ಬೈದೆ. ಹೊಳೆ ತಲೆ ಕೆಡಿಸಿಕೊಳ್ಳದೆ ಹರಿಯಿತು. ಅತ್ತ ಅಂಕಗಳು ಏರತೊಡಗಿದವು. ನಾನು ಜ್ವರದಿಂದ ಮನೆಯಲ್ಲೇ ಉಳಿದ ಒಂದು ವಾರ ಮಾತ್ರ ಸ್ವಲ್ಪ ಇಳಿದವು. ಇದು ಕಾಕತಾಳೀಯ ಎಂದು ಈಗಲೂ ವಾದಿಸುತ್ತೇನೆ. ಒಪ್ಪುವವರು ಸಿಕ್ಕಿಲ್ಲ.

ಪಲ್ಲವಿಗೆ ಡಾಕ್ಟರ್ ಸೀಟು ಸಿಕ್ಕಿತು. ಓಣಿಯವರು ಸೇರಿ ಸತ್ಕಾರ ಇಟ್ಟುಕೊಂಡರು. 'ಮಕ್ಕಳ ಯಶಸ್ಸಿನಲ್ಲಿ ತಂದೆಯ ಪಾತ್ರ' ಎಂಬ ವಿಷಯದ ಮೇಲೆ ನಾನು ಮಾತಾಡುವುದೆಂದು ನಿಗದಿಯಾಗಿತ್ತು. ಗಂಟಲು ಸರಿಮಾಡಿಕೊಂಡು ಎದ್ದೆ. ಅಷ್ಟರಲ್ಲಿ ಯಾರೋ, "ಮೊದಲ ತಾಯಾರು ಎರಡ ಮಾತ ಹೇಳ್ಲಿ," ಎಂದು ಮೈಕನ್ನು ಶಾಂತಾಳ ಕೈಗೆ ಕೊಟ್ಟರು. ಅವಳು ಅದುವರೆಗೆ ಮೈಕು ಹಿಡಿದವಳಲ್ಲ.

"ಎಲ್ಲಾ ಅಕಿದ ಕಷ್ಟರಿ," ಎಂದಳು. "ಆದ್ರ ಇವರದೂ ಭಾಳ ತ್ಯಾಗ ಐತಿ. ಭಾನುವಾರಕ್ಕೊಮ್ಮೆ ಮನಿ ಬಿಟ್ಟು ಹೋಗ್ತಿದ್ರು."

ಜನ ಚಪ್ಪಾಳೆ ತಟ್ಟಿದರು. ಹೇಗೂ ಎದ್ದು ನಿಂತಿದ್ದೆನಲ್ಲ, ನಾನೂ ತಟ್ಟಿದೆ.