ಶಾಲು ಹೊದಿಸುವ ಯಂತ್ರ

"ನೋಡ್ರಿ ಸರ್, ಇದಕ್ಕ ಸ್ವಂತ ಬುದ್ಧಿ ಇಲ್ಲ. ಏನ್ ಮಾಡಬೇಕು, ಯಾವಾಗ ನಿಲ್ಲಬೇಕು, ಎರಡೂ ನೀವ ಹೇಳಬೇಕು. ಪ್ರೋಗ್ರಾಮಿಂಗ್ ಅಂದ್ರ ಇಷ್ಟ!" ಎಂದು ಭೌತಶಾಸ್ತ್ರದ ವಾರಿಜಾ ಮೇಡಂ ತಾವೇ ಕಟ್ಟಿದ ಯಂತ್ರದ ಬೆನ್ನು ತಟ್ಟಿದರು. ಅದಕ್ಕೆ ಉದ್ದನೆಯ ಕೈಗಳು, ಹಣೆಯಲ್ಲೊಂದು ಕ್ಯಾಮೆರಾ ಕಣ್ಣು, ಪಕ್ಕದಲ್ಲಿ ಶಾಲುಗಳ ರಾಶಿ. ಧಾರವಾಡದ ಆ ಕಾಲೇಜಿನಲ್ಲಿ ಸನ್ಮಾನವಿಲ್ಲದ ಸಭೆಯೇ ಇಲ್ಲವಲ್ಲ, ಅದಕ್ಕೇ ಈ ಅವತಾರ!

ಹಳಗನ್ನಡದ ಪ್ರೊಫೆಸರ್ ನೇಮಣ್ಣ ಹೊಸಮನಿಯವರು ಮಾತ್ರ ಯಂತ್ರದಿಂದ ನಾಲ್ಕು ಹೆಜ್ಜೆ ದೂರವೇ ನಿಂತಿದ್ದರು. ಮೊಬೈಲು ರಿಂಗಾದರೂ ಬೆಚ್ಚಿಬೀಳುವ ಜೀವ ಅದು. ಪ್ರಿನ್ಸಿಪಾಲ್ ಬೆಳ್ಳಿಗಟ್ಟಿಯವರೋ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಇವತ್ತಿನ ಸಭೆಯಲ್ಲಿ ಯಂತ್ರ ಹೊಸಮನಿ ಹೇಳಿದಂತೆ ನಡೆದು, ತಾನಾಗಿಯೇ ನಿಂತರೆ ವಿಭಾಗದ ಮುಖ್ಯಸ್ಥರ ಕುರ್ಚಿ ಅವರಿಗೆ. ಇಲ್ಲವಾದರೆ ಕಿರಿಯ ಅಧ್ಯಾಪಕ ತೋಟದ ಅವರಿಗೆ. ತಮ್ಮ ಪಾಠ ಕೇಳಿಯೇ ಎಂ.ಎ. ಮಾಡಿದ ಹುಡುಗನ ಕೈಕೆಳಗೆ ದುಡಿಯುವುದೇ? ಅಯ್ಯೋ ದೇವರೇ!

ಒಬ್ಬ ಗಣ್ಯರನ್ನು ಮರೆತರೂ ಆ ಕಾಲೇಜಿನಲ್ಲಿ ವರ್ಷಗಟ್ಟಲೆ ಮುನಿಸು. ಆದ್ದರಿಂದ ಹೊಸಮನಿ ಬಹಳ ಯೋಚಿಸಿ, ಗಂಟಲು ಸರಿಮಾಡಿಕೊಂಡು ಅಪ್ಪಣೆ ಕೊಟ್ಟರು: "ವೇದಿಕೆಯ ಮೇಲೆ ಗಣ್ಯರು ಕಾಣುತ್ತಿರುವಷ್ಟು ಹೊತ್ತೂ ಶಾಲು ಹೊದಿಸು. ಯಾರೂ ಕಾಣದಿದ್ದಾಗ ನಿಲ್ಲು."

ಸಭೆ ಶುರುವಾಯಿತು, ವೇದಿಕೆಯ ಮೇಲೆ ಮೂವರು ಗಣ್ಯರು. ಯಂತ್ರ ಪ್ರಿನ್ಸಿಪಾಲರಿಗೆ ಹೊದಿಸಿತು, ತೋಟದ ಅವರಿಗೆ ಹೊದಿಸಿತು, ಹೊಸಮನಿಯವರಿಗೂ ಹೊದಿಸಿತು. ಭರ್ಜರಿ ಚಪ್ಪಾಳೆ! ಆಮೇಲೆ ಅದು ತಿರುಗಿ ಪ್ರಿನ್ಸಿಪಾಲರಿಗೆ ಇನ್ನೊಂದು ಹೊದಿಸಿತು. ಅದರ ಮೇಲೆ ಮತ್ತೊಂದು!

"ಸಾಕೋ ಮಾರಾಯಾ! ಬೆವರಿಳಿಯಾಕತ್ತೈತಿ! ಸ್ವಿಚ್ಚ ಒತ್ರೀ ಯಾರಾದ್ರೂ!" ಎಂದು ಪ್ರಿನ್ಸಿಪಾಲರು ಒದರಿದರು.

"ಸ್ವಿಚ್ಚ ಒತ್ತಿದ್ರ ಹೊಸಮನಿ ಸರ್ ಫೇಲ್ ಆಗ್ತಾರ್ರಿ!" ಎಂದು ವಾರಿಜಾ ಕೆಳಗಿನಿಂದ ಕೂಗಿದರು. "ನೀವ ಇಳೀರಿ, ವೇದಿಕೆ ಖಾಲಿ ಆದ್ರ ತಾನ ನಿಲ್ಲತೈತಿ!"

"ಸಭೆಯ ಅಧ್ಯಕ್ಷ ನಾನು! ಅಧ್ಯಕ್ಷೀಯ ಭಾಷಣ ಆಗದ ಹೆಂಗ ಇಳೀಲಿ? ತೋಟದ, ನೀ ಇಳಿ!"

"ಹಿರಿಯರು ಕುಂತಾಗ ನಾ ಎದ್ದು ಹೋಗೋದಾ? ಛೇ ಛೇ! ಹೊಸಮನಿ ಸರ್ ಇಳೀಲಿ."

"ಅಧ್ಯಕ್ಷರಿಗಿಂತ ಮೊದಲ ನಾನಾ? ಮಂದಿ ಏನಂದಾರು!" ಹೊಸಮನಿಯವರಿಗೆ ಕುರ್ಚಿ ಕೈತಪ್ಪುವ ಭಯ. ಆದರೂ ಕಾಲು ಮೆಟ್ಟಿಲ ಕಡೆ ಹೋಗಲೊಲ್ಲದು!

ಶಾಲು ಮುಗಿದವು. ಯಂತ್ರ ಮೇಜಿನ ಬಟ್ಟೆ ಎಳೆದು ಪ್ರಿನ್ಸಿಪಾಲರಿಗೆ ಸುತ್ತಿತು. ಬ್ಯಾನರು ಕಿತ್ತು ತೋಟದ ಅವರಿಗೆ ಹೊದಿಸಿತು. ಕೊನೆಗೆ ವೇದಿಕೆಯ ಪರದೆಗೇ ಕೈಹಾಕಿ ಜಗ್ಗಿತು. ಧೊಪ್ಪೆಂದು ಬಿದ್ದ ಪರದೆಯೊಳಗೆ ಮೂವರೂ ಮಾಯ!

ಯಂತ್ರ ಕಣ್ಣನ್ನು ಆಚೆ ಈಚೆ ತಿರುಗಿಸಿತು. "ಗಣ್ಯರು ಯಾರೂ ಇಲ್ಲ" ಎಂದು ಕೈಮುಗಿದು ನಿಂತುಬಿಟ್ಟಿತು.

ಪರದೆಯೊಳಗಿನಿಂದ ಒಂದು ಸೀನು, ಹಿಂದೆಯೇ ಪ್ರಿನ್ಸಿಪಾಲರ ದನಿ: "ನಿಂತತೇನ್ರೀ?"

"ತಾನಾಗೇ ನಿಂತೈತ್ರಿ ಸರ್! ಹೊಸಮನಿ ಸರ್ ಹೇಳಿದಂಗ!"

"ಹಂಗಾರ ಕೊಟ್ಟ ಮಾತು ಮಾತ. ಹೊಸಮನಿಯವರ, ನೀವ ಮುಖ್ಯಸ್ಥರು!"

ಪರದೆಯಿಂದ ತಲೆ ಹೊರಹಾಕಿದ ಹೊಸಮನಿಯವರಿಗೆ ಖುಷಿಯಿಂದ ಕಣ್ಣು ತುಂಬಿತು. ಅಷ್ಟರಲ್ಲಿ ತೋಟದ ಎದ್ದು, ಹೊಟ್ಟೆಕಿಚ್ಚು ನುಂಗಿಕೊಂಡು, ಬಿದ್ದಿದ್ದ ಶಾಲೊಂದನ್ನು ಕೊಡವಿದರು. "ಅಭಿನಂದನೆ ಸರ್! ಒಂದು ಸಣ್ಣ ಸನ್ಮಾನ..."

ಹೊಸಮನಿ ಅಧ್ಯಕ್ಷರ ಮುಖ ಕೂಡ ನೋಡದೆ ವೇದಿಕೆಯಿಂದ ಜಿಗಿದೇಬಿಟ್ಟರು!

"ಇದನ್ನ ಮೊದಲ ಮಾಡಿದ್ರ ಪರದೆ ಉಳೀತಿತ್ತಲ್ರಿ ಸರ್" ಎಂದರು ವಾರಿಜಾ ಮೇಡಂ.