ಹೆಂಡತಿಯ ವಾಚಿನ ಕೊನೆಯ ತಿರುಪು

ತಪ್ಪೆಲ್ಲ ಮಧ್ಯಾಹ್ನದ ಆ ಒಂದು ಜೊಂಪಿನದು. ಗಡಿಯಾರ ರಿಪೇರಿಯವನು ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, ಎಡತೋಳನ್ನು ದಿಂಬು ಮಾಡಿಕೊಂಡು ಮೇಜಿನ ಮೇಲೆ ಒರಗಿಬಿಟ್ಟಿದ್ದ. ಎಚ್ಚರವಾದಾಗ ಎದುರಿಗೆ ಹೆಂಡತಿಯ ವಾಚು ಬೆನ್ನು ಬಿಚ್ಚಿಕೊಂಡು ಕಾಯುತ್ತಿತ್ತು.

“ಊರವರ ಗಡಿಯಾರವೆಲ್ಲ ಓಡಿಸ್ತೀರಿ, ನನ್ನದು ಮಾತ್ರ ನಿಂತಿದೆ. ಅದು ಓಡಿದ ದಿನ ಹೇಳಿ ಕಳಿಸಿ, ಬರ್ತೀನಿ” ಎಂದು ಅವಳು ಅಕ್ಕನ ಮನೆ ಸೇರಿ ಆರು ತಿಂಗಳಾಗಿತ್ತು. ಇವನು ಇನ್ನೂ ಎರಡು ಲೋಟ ತೊಳೆದಿಟ್ಟು ಒಂದರಲ್ಲಿ ಕುಡಿಯುತ್ತಿದ್ದ. ಆ ಹಳೇ ಮಾದರಿಯ ವಾಚಿಗೆ ಬಿಡಿಭಾಗ ಹುಡುಕಿ ಹುಡುಕಿ, ಇವತ್ತು ಕೂರಿಸಲು ಉಳಿದದ್ದು ಒಂದೇ ತಿರುಪು. ಸಾಸಿವೆಗಿಂತ ಸಣ್ಣದು, ಕಳೆದರೆ ಇನ್ನೊಂದಿಲ್ಲ. ಅಭ್ಯಾಸಬಲದಿಂದ ಅದನ್ನು ತುಟಿಗಳ ನಡುವೆ ಕಚ್ಚಿಕೊಂಡ.

ಆಗಲೇ ಪಕ್ಕದಂಗಡಿಯ ಟೈಲರ್ ಇಣುಕಿದ. ನಿನ್ನೆ ತಾನೇ ಲಕ್ವದ ತಿಳಿವಳಿಕೆ ಶಿಬಿರಕ್ಕೆ ಹೋಗಿ ಬಂದಿದ್ದವನು, ಹೊಸ ಕತ್ತರಿ ಸಿಕ್ಕವನು ಬಟ್ಟೆ ಹುಡುಕುವಂತೆ ರೋಗಿ ಹುಡುಕುತ್ತಿದ್ದ.

“ಅಣ್ಣ, ಮುಖ ಯಾಕೆ ಒಂದು ಕಡೆ ಹೊಲಿಗೆ ಎಳೆದಂಗಿದೆ? ಎಲ್ಲಿ, ನಗು ನೋಡೋಣ!”

ಆರು ತಿಂಗಳಿಂದ ಯಾರೂ ಇವನಲ್ಲಿ ಕೇಳದಿದ್ದ ಪದಾರ್ಥ. ತಿರುಪು ಬೀಳದಂತೆ ಒಂದೇ ಕಡೆ ನಕ್ಕ.

“ಕೈ ಎತ್ತು! ಎರಡೂ!”

ಜೋಮು ಹಿಡಿದ ಎಡಗೈ ಒದ್ದೆ ಬಟ್ಟೆಯಂತೆ ಜೋತುಬಿತ್ತು.

“ಒಂದು ಮಾತಾಡು!”

“ಇಇಉಉ... ಇಎ...” ‘ತಿರುಪು ಇದೆ’ ಎಂದದ್ದು ತುಟಿ ಬಿಡಿಸದೆ ಅಷ್ಟೇ ಹೊರಬಂತು.

“ಮುಖ, ಕೈ, ಮಾತು, ಮೂರೂ ಹೋಯ್ತು! ಗಾಡಿ ತರ್ರೋ! ಅತ್ತಿಗೆಗೆ ಫೋನ್ ಮಾಡ್ರೋ!”

ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದವನು ‘ಅತ್ತಿಗೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಣ್ಣಗಾದ. ತಿರುಪು ತೆಗೆದು ‘ಏನೂ ಆಗಿಲ್ಲ’ ಎನ್ನಲು ಒಂದು ಕ್ಷಣ ಸಾಕಿತ್ತು. ಅನ್ನಲಿಲ್ಲ.

ಯಾರೋ ನೀರು ತಂದರು. “ಬಾಯಿಗೆ ಏನೂ ಹಾಕ್ಬೇಡಿ, ಗಂಟಲಿಗೆ ಸಿಕ್ಕತ್ತೆ!” ಎಂದು ಟೈಲರ್ ಗದರಿಸಿ, ರೋಗಿಯನ್ನು ಬಟ್ಟೆಯ ಥಾನಿನಂತೆ ಗಾಡಿಗೆ ಏರಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: “ಕೊನೇ ಸಲ ಇವರು ಸರಿಯಾಗಿದ್ದದ್ದು ಯಾವಾಗ? ರಕ್ತನಾಳ ಕಟ್ಟಿಕೊಂಡಿದ್ರೆ ಕರಗಿಸೋ ಔಷಧಿಗೆ ಹೊತ್ತು ಮೀರಬಾರದು. ಒಡೆದಿದ್ರೆ ಅದನ್ನ ಕೊಡೋ ಹಾಗೇ ಇಲ್ಲ.”

“ಅತ್ತಿಗೆ ಹೋಗೋಕೆ ಮುಂಚೆ, ಡಾಕ್ಟ್ರೇ,” ಎಂದ ಟೈಲರ್. “ಆರು ತಿಂಗಳಾಯ್ತು.”

ಅಷ್ಟರಲ್ಲಿ ಅವಳು ಬಂದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಕ್ಕನದು. “ಏನಾಯ್ತು ರೀ!” ಎಂದು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಜೋಮು ಬಿಟ್ಟೋಡಿತು. ಅವನ ಮುಖ ಎರಡೂ ಕಿವಿಗಳ ತನಕ ಸಮನಾಗಿ ಅರಳಿತು.

“ಬಂದ್ಯಾ!” ಎಂದ, ಸ್ಫುಟವಾಗಿ. ಆಮೇಲೆ ಗುಳಕ್ ಎಂದು ಏನನ್ನೋ ನುಂಗಿದ.

ಸ್ಕ್ಯಾನ್ ಆಯಿತು. “ತಲೆ ಸರಿಯಾಗಿದೆ, ಲಕ್ವ ಅಲ್ಲ. ಆದ್ರೂ ತಡಮಾಡದೆ ತಂದದ್ದು ಒಳ್ಳೇದು,” ಎಂದರು ಡಾಕ್ಟರಮ್ಮ. ಟೈಲರ್ ಕಾಲರ್ ಸರಿಮಾಡಿಕೊಂಡ.

ಅವಳು ಕಣ್ಣೊರೆಸಿಕೊಂಡಳು. ದನಿ ಬದಲಾಯಿತು. “ನೆಟ್ಟಗಿದ್ದೀರಲ್ಲ, ನನ್ನ ವಾಚು?”

“ಒಂದೇ ತಿರುಪು ಬಾಕಿ ಕಣೇ.”

“ಎಲ್ಲಿದೆ?”

ಅವನು ಮೆಲ್ಲಗೆ ಹೊಟ್ಟೆ ಮುಟ್ಟಿ ತೋರಿಸಿದ.

ಅವಳು ಅವನ ಕೈಯನ್ನು ಹಾಸಿಗೆಯ ಮೇಲೆ ಇಟ್ಟಳು, ಗಾಜಿನ ಸಾಮಾನು ಇಡುವಷ್ಟು ಜೋಪಾನವಾಗಿ. “ಸರಿ. ಅದು ಬಂದ ದಿನ ಹೇಳಿ ಕಳಿಸಿ, ನಾನೂ ಬರ್ತೀನಿ.”

ಜೊತೆಯಿಲ್ಲದ ಆ ಚಪ್ಪಲಿಗಳ ಸದ್ದನ್ನು ಅವನು ಎಣಿಸುತ್ತ ಮಲಗಿದ. ಬಾಗಿಲ ಬಳಿ ಸದ್ದು ನಿಂತಿತು. ಅವನ ಎಣಿಕೆಯೂ.

ಅವಳು ತಿರುಗಿ ನೋಡಿದಳು. “ತಿರುಪನ್ನ ತೊಳೆದು ಹಾಕಿ.”